ಅಚ್ಚು ತಿರುಗಿದ ರೂಪಾಯಿ

ಗಾಜಿನ ಪೆಟ್ಟಿಗೆಯಲ್ಲಿ ರೂಪಾಯಿ ಇತ್ತು. ಆದರೆ ಅದು ಆ ರೂಪಾಯಿ ಅಲ್ಲ.

ತುಮಕೂರು ಸದಾಶಿವನಗರದ ನಿವೃತ್ತ ಇಂಜಿನಿಯರ್ ಷಡಕ್ಷರಿ, ೧೯೮೩ರ ಒಂದು ಭಾನುವಾರ, ನೆಂಟರಿಗೆ ತೋರಿಸಲೆಂದು ಅದನ್ನು ತೆಗೆದು ಮಗುಚಿದರು. ಅವರದು ಟಂಕಸಾಲೆಯಲ್ಲಿ ಅಚ್ಚು ತಿರುಗಿ ಬಿದ್ದಿದ್ದ ಅಪರೂಪದ ನಾಣ್ಯ. ಸಿಂಹಮುದ್ರೆಯನ್ನು ನೆಟ್ಟಗೆ ಹಿಡಿದು ಪುಟ ತಿರುವಿದ ಹಾಗೆ ಮಗುಚಿದರೆ ಹಿಂದಿನ ಅಂಕಿ ತಲೆಕೆಳಗಾಗಿ ಕಾಣಬೇಕು. ಈಗ ನೆಟ್ಟಗಿತ್ತು. ಯಾರೋ ಅದೇ ವರ್ಷದ ಮಾಮೂಲಿ ರೂಪಾಯಿ ಇಟ್ಟು ಅಸಲಿಯನ್ನು ಒಯ್ದಿದ್ದರು.

ಅವರು ಮನೆಗೆಲಸದ ಓಬಳಮ್ಮನ ಮೇಲೆ ದೂರು ಕೊಟ್ಟರು. ಪೊಲೀಸರು ಶೆಟ್ಟಿಹಳ್ಳಿಯ ಅವಳ ಮನೆ ಜಾಲಾಡಿದರು. ಏನೂ ಸಿಗಲಿಲ್ಲ. ಆದರೂ ಅವಳು ಕೆಲಸ ಮಾಡುತ್ತಿದ್ದ ಉಳಿದ ಮನೆಯವರೂ ಅವಳನ್ನು ಬಿಡಿಸಿದರು.

ಸಬ್ ಇನ್ಸ್‌ಪೆಕ್ಟರ್ ಜಯರಾಮಯ್ಯನಿಗೆ ಒಪ್ಪಿಗೆಯಾಗಲಿಲ್ಲ.

"ಅವಳು ಕದಿಯೋದಾದ್ರೆ ಅದರ ಪಕ್ಕದಲ್ಲೇ ಇದ್ದ ಬೆಳ್ಳಿ ನಾಣ್ಯ ಬಿಡ್ತಿದ್ಳಾ?"

ಆ ವಾರ ಯಾರು ಬಂದಿದ್ದರೆಂದು ಕೇಳಿದ. ಇಬ್ಬರು, ಇಬ್ಬರಿಗೂ ನಾಣ್ಯದ ಹುಚ್ಚು. ಕುಣಿಗಲ್ಲಿನ ತೆಂಗಿನ ತೋಟದ ರಾಮಾಂಜಿನಯ್ಯ ಅದನ್ನು ತನಗೇ ಮಾರಬೇಕೆಂದು ಪಟ್ಟು ಹಿಡಿದಿದ್ದ. ಗುಬ್ಬಿಯ ಚಂದ್ರಶೇಖರಯ್ಯ ಮೇಷ್ಟ್ರು ಬರೀ ನೋಡುವುದಕ್ಕೇ ಬರುತ್ತಿದ್ದರು. ಬಂದಾಗಲೆಲ್ಲ ಕೈಗೆತ್ತಿಕೊಂಡು ಮಗುಚಿ ಮಗುಚಿ ನೋಡುತ್ತಿದ್ದರು.

*

ಜಯರಾಮಯ್ಯ ಮೊದಲು ಕುಣಿಗಲ್ಲಿಗೆ ಹೋದ. ಪೆಟ್ಟಿಗೆಯಲ್ಲಿದ್ದ ಮಾಮೂಲಿ ರೂಪಾಯಿಯನ್ನೇ ಮೇಜಿನ ಮೇಲಿಟ್ಟು, ಷಡಕ್ಷರಿಯವರ ನಾಣ್ಯ ಸಿಕ್ಕಿತೆಂದ.

ರಾಮಾಂಜಿನಯ್ಯ ತಟ್ಟನೆ ಎತ್ತಿಕೊಂಡು ಮಗುಚಿದ.

"ಇದಲ್ಲ ಸಾ. ಇದು ನೆಟ್ಟಗದೆ. ಯಾರೋ ನಿಮಗೆ ಟೋಪಿ ಹಾಕವ್ರೆ."

*

ಗುಬ್ಬಿಯಲ್ಲೂ ಅದೇ ನಾಣ್ಯ, ಅದೇ ಮಾತು. ಮೇಷ್ಟ್ರು ಕೂತಲ್ಲಿಂದಲೇ ನೋಡಿ, ಒಳ್ಳೇದಾಯ್ತು ಎಂದರು. ಕಾಫಿಗೆ ಹೇಳಿದರು. ರೂಪಾಯಿ ಇಟ್ಟಲ್ಲೇ ಇತ್ತು.

"ಮೇಷ್ಟ್ರೇ, ಯಾಕೆ ಮಗುಚಿ ನೋಡ್ಲಿಲ್ಲ?"

ಮೇಷ್ಟ್ರು ಕಾಫಿ ಬಂತೇ ಎಂದು ಒಳಬಾಗಿಲ ಕಡೆ ನೋಡಿದರು.

"ಅದನ್ನ ನೋಡೋಕೆ ಅಂತಾನೇ ಬಸ್ ಹತ್ತಿ ಬರ್ತಿದ್ರಿ. ಇವತ್ತು ಮುಟ್ಟಲೂ ಇಲ್ಲ. ಇದು ನೀವೇ ಇಟ್ಟ ರೂಪಾಯಿ ಅಂತ ನಿಮಗೆ ಗೊತ್ತು. ಪೊಲೀಸರು ಮೋಸಹೋದ್ರು, ಕೇಸು ಮುಗೀತು ಅಂದ್ಕೊಂಡ್ರಿ."

ಮೇಷ್ಟ್ರು ಒಳಗೆ ಹೋಗಿ ಅಸಲಿ ನಾಣ್ಯ ತಂದಿಟ್ಟರು. ಅದು ಮೊದಲು ತಮ್ಮ ಜೇಬಿನಲ್ಲೇ ಇದ್ದದ್ದು ಎಂದರು. ಶಿರಾ ಗೇಟಿನ ಹೋಟೆಲಿನಲ್ಲಿ ಷಡಕ್ಷರಿಗೆ ಚಿಲ್ಲರೆಯಾಗಿ ಕೊಟ್ಟಿದ್ದರು. ಷಡಕ್ಷರಿ ಮಗುಚಿ ನೋಡಿ, ಏನೂ ಹೇಳದೆ ಜೇಬಿಗಿಳಿಸಿದ್ದರು. ತಾವು ಕೊಟ್ಟದ್ದು ಅಚ್ಚು ತಿರುಗಿದ ನಾಣ್ಯವೆಂದು ಮೇಷ್ಟ್ರಿಗೆ ತಿಳಿದದ್ದು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಕಂಡಾಗಲೇ.

"ಒಂದು ಮಾತು ಹೇಳಿದ್ದಿದ್ರೆ ನಾನೇ ಕೊಡ್ತಿದ್ದೆ."

"ಓಬಳಮ್ಮನ ವಿಷಯ?"

ಕೇಳಿ ತಿಳಿದಿತ್ತು, ಬಾಯಿಬಿಡಲು ಧೈರ್ಯ ಬರಲಿಲ್ಲ ಎಂದು ಅವರು ತಲೆತಗ್ಗಿಸಿದರು.

*

ಷಡಕ್ಷರಿ ಓಬಳಮ್ಮನಿಗೆ ಹೇಳಿ ಕಳಿಸಿದರು. ಅವಳು ಬಂದು ಗೇಟಿನ ಹೊರಗೇ ನಿಂತಳು. ನಾಣ್ಯ ಸಿಕ್ಕಿತು, ನಾಳೆಯಿಂದ ಕೆಲಸಕ್ಕೆ ಬಾ ಎಂದರು.

"ಬರಲ್ಲ ಸ್ವಾಮಿ," ಎಂದಳು. "ಇನ್ನೇನಾದ್ರೂ ಕಾಣ್ದೇ ಹೋದ್ರೆ ಮೊದ್ಲು ನನ್ನ ಮನೆಗೇ ಬರ್ತೀರ."