ತೀರದ ಸೇಡು

"ಬನ್ನಿ ಗುರುಚರಣ. ಗುರುತು ಸಿಕ್ತಾ?"

ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವನು ಹಿಡಿಕೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟ.

ಮೇಜಿನ ಆಚೆ ಕೂತಿದ್ದವಳು ತುಂಗಾ! ಐದು ವರ್ಷಗಳ ಹಿಂದೆ 'ಇನ್ನೊಂದು ಸಲ ನಿಮ್ಮ ಮುಖ ತೋರಿಸಬೇಡಿ' ಎಂದು ಚೆನ್ನೈ ಅಡ್ಯಾರಿನ ಮನೆಯ ಬಾಗಿಲು ಹಾಕಿಕೊಂಡವಳು. ಈಗ ಪೋರೂರಿನ ಈ ದೊಡ್ಡ ಕಥಾ ಆ್ಯಪಿನಲ್ಲಿ ಕನ್ನಡ ವಿಭಾಗದ ಮುಖ್ಯ ಸಂಪಾದಕಿ.

"ನೀವು ಇಲ್ಲಿದ್ದೀರಿ ಅಂತ ಗೊತ್ತಿರಲಿಲ್ರಿ..."

"ಗೊತ್ತಿದ್ರೆ ಬರ್ತಿರಲಿಲ್ಲ. ಅಲ್ವಾ?"

ಅವನು ತಲೆ ತಗ್ಗಿಸಿ ಎದುರಿನ ಕುರ್ಚಿಯಲ್ಲಿ ಕೂತ. ತುಂಗಾಳಿಗೆ ಒಳಗೊಳಗೇ ಹಿತವೆನಿಸಿತು. ಸುಳ್ಳೇಕೆ ಹೇಳಬೇಕು, ಈ ಒಂದು ಗಳಿಗೆಗಾಗಿಯೇ ಅವಳು ಹಲ್ಲು ಕಚ್ಚಿಕೊಂಡು ಕಾದಿದ್ದಳು!

ಗುರುಚರಣ ರಾಯಪುರಂನ ಮಾಳಿಗೆಯ ಮೇಲಿನ ಒಂದು ಕೋಣೆಯಲ್ಲಿ ಕೂತು 'ಅಲೆ' ಎಂಬ ಪುಟ್ಟ ಇ-ಪತ್ರಿಕೆ ನಡೆಸುತ್ತಿದ್ದ. ಒಬ್ಬನೇ ಸುಧಾರಿಸಲಾಗದೆ ಅದನ್ನು ಈ ಕಂಪನಿಗೆ ವಹಿಸಿದ್ದ. ಒಪ್ಪಂದದ ಪ್ರಕಾರ ಪತ್ರಿಕೆಯ ಮೇಲ್ ಪೆಟ್ಟಿಗೆ ಸಮೇತ ಎಲ್ಲವೂ ಕಂಪನಿಯ ಪಾಲು. ಅವನ ಬಳಿ ಒಂದು ಪ್ರತಿಯೂ ಉಳಿದಿರಲಿಲ್ಲ. ಅದರಲ್ಲಿ ಏನಿರಬೇಕು, ಏನು ಹೋಗಬೇಕು ಎಂದು ತೀರ್ಮಾನಿಸುವವಳು ತುಂಗಾ.

"ಪೂರ್ತಿ ಅಳಿಸ್ತಿದ್ದೀನಿ," ಎಂದಳು ಅವಳು ತಣ್ಣಗೆ. "ನಿಮ್ಮೆದುರಿಗೇ ಮಾಡೋಣ ಅಂತ ಕರೆಸಿದೆ."

ಅವನ ಮುಖ ಬಿಳಿಚಿಕೊಂಡಿತು. "ಉಳಿದದ್ದೆಲ್ಲಾ ಹೋಗಲಿ ಬಿಡ್ರಿ. ಆದ್ರ 'ಹಳೇ ಟಪಾಲು' ಅಂತ ಒಂದು ವಿಭಾಗ ಐತಿ. ಅದನ್ನೊಂದು ಸಲ ತೆರೆದು ನೋಡ್ರಿ. ನಿಮ್ಮ ಕೈಮುಗೀತೀನಿ..."

"ನಮ್ಮಪ್ಪನೂ ಕೈಮುಗಿದಿದ್ರು! ನೆನಪಿದೆಯಾ? 'ಒಂದು ಸಂಚಿಕೆನಾದ್ರೂ ಸಿಗತ್ತಾ ನೋಡಪ್ಪಾ' ಅಂತ."

ಗುರುಚರಣ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮಾತು ನುಂಗಿಕೊಂಡ.

"ತಪ್ಪು ನಂದೇ, ತುಂಗಾ ಅವರೇ."

ಅಷ್ಟೇ! ಒಂದು ಕಾರಣವಿಲ್ಲ, ಒಂದು ಸಬೂಬಿಲ್ಲ. ಅವಳ ಮೈಯೆಲ್ಲಾ ಉರಿದುಹೋಯಿತು. 'ಶಾಶ್ವತವಾಗಿ ಅಳಿಸಬೇಕೇ?' ಎಂದು ಪರದೆ ಕೇಳಿತು. 'ಹೌದು' ಎಂಬುದನ್ನು ಅವಳು ಅವನ ಕಣ್ಣನ್ನೇ ನೋಡುತ್ತಾ ಒತ್ತಿದಳು.

ಗುರುಚರಣ ಕಣ್ಣು ಮುಚ್ಚಿಕೊಂಡ. ಆಮೇಲೆ ಎದ್ದು ಹೋದ.

ಅವಳ ಸಿಟ್ಟಿಗೆ ಕಾರಣವಿತ್ತು.

ಅವಳ ತಂದೆ ತಿರುಮಲಾಚಾರ್ಯರು ವಿಮಾ ಕಚೇರಿಯಲ್ಲಿದ್ದವರು. ಮನೆಗಳಿಗೆ ಇಂಟರ್‌ನೆಟ್ ಆಗತಾನೇ ಕಾಲಿಡುತ್ತಿದ್ದ ದಿನಗಳಲ್ಲೇ 'ತೀರ' ಎಂಬ ಕನ್ನಡ ಪತ್ರಿಕೆಯನ್ನು ಇ-ಮೇಲಿನಲ್ಲಿ ಹೊರಡಿಸಿದವರು. ಪ್ರತಿ ಸಂಚಿಕೆಯ ಜೊತೆಗೆ ಕನ್ನಡ ಅಕ್ಷರಗಳ ಫಾಂಟನ್ನೂ ಲಗತ್ತಿಸಿ ಕಳಿಸಬೇಕಿತ್ತು. ಅದನ್ನು ಹಾಕಿಕೊಳ್ಳಲು ಮರೆತವರು 'ಆಚಾರ್ರೇ, ಬರೀ ಪೆಟ್ಟಿಗೆ ಪೆಟ್ಟಿಗೆ ಕಾಣ್ತಿದೆ!' ಎಂದು ಫೋನು ಮಾಡುತ್ತಿದ್ದರು. ಆಚಾರ್ಯರು ಸ್ವಲ್ಪವೂ ಬೇಸರಿಸದೆ ಒಬ್ಬೊಬ್ಬರಿಗೂ ವಿವರಿಸುತ್ತಿದ್ದರು. ಮುಂದೆ 'ತೀರ' ಜಾಲತಾಣವಾಯಿತು. ಎಲ್ಲರ ಕೈಗೂ ಮೊಬೈಲ್ ಬಂದಮೇಲೆ, ಅದನ್ನು ಫೋನಿನಲ್ಲಿ ಓದುವಂತೆ ಮಾಡಿಕೊಡಲು ಬಂದವನೇ ಗುರುಚರಣ. ರೈಲ್ವೆಯಲ್ಲಿದ್ದ ತಂದೆಗೆ ವರ್ಗವಾಗಿ ಹುಬ್ಬಳ್ಳಿಯಿಂದ ಚೆನ್ನೈಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ.

ಭಾನುವಾರಗಳಂದು ಬರುತ್ತಿದ್ದ. ಅಮ್ಮ ಬಡಿಸಿದ ಹಯಗ್ರೀವವನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದ. ತುಂಗಾಳ ಮದರಾಸು ಕನ್ನಡಕ್ಕೆ ನಗುತ್ತಿದ್ದ. ನಕ್ಕಾಗಲೆಲ್ಲ ಅವಳಿಗೆ ಕೋಪ ಬರಬೇಕಿತ್ತು... ಬರುತ್ತಿರಲಿಲ್ಲ. ಮನೆಯಲ್ಲಿ ಇಬ್ಬರ ಮದುವೆಯ ಮಾತೂ ಮೆಲ್ಲಗೆ ಎದ್ದಿತ್ತು.

ಅಷ್ಟರಲ್ಲಿ ಒಂದು ಸೋಮವಾರ 'ತೀರ'ದ ಹಳೆಯ ಸಂಚಿಕೆಗಳೆಲ್ಲ ಮಾಯವಾದವು. ಆಚಾರ್ಯರ ಕಂಪ್ಯೂಟರ್ ಅದಕ್ಕೆ ಮೊದಲೇ ಕೆಟ್ಟು ಕೂತಿತ್ತು. ಅಳಿಸಿದವನು ಗುರುಚರಣ. 'ನಾನೇ ಅಳಿಸಿದೆ' ಎಂದು ಅವನೇ ಒಪ್ಪಿಕೊಂಡ. ಉಳಿದದ್ದನ್ನು ಕೇಳಲು ತುಂಗಾಳಿಗೆ ತಾಳ್ಮೆ ಇರಲಿಲ್ಲ. ಆಚಾರ್ಯರು ಅದೇ ಕೊರಗಿನಲ್ಲಿ ಒಂದು ವರ್ಷ ಸವೆದು ಹೋಗಿಬಿಟ್ಟರು.

'ಈಗ ಅವನಿಗೂ ಗೊತ್ತಾಗಲಿ!' ಎಂದುಕೊಂಡು ಆ ದಿನ ಮನೆಗೆ ಹೋದಳು ತುಂಗಾ. ಊಟ ಸೇರಲಿಲ್ಲ. ಗೆದ್ದವಳಿಗೆ ಸಂತೋಷವಾಗಬೇಕಲ್ಲ? ಅವನು ಕಣ್ಣು ಮುಚ್ಚಿಕೊಂಡದ್ದೇ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಮರುದಿನ ಕಚೇರಿಯಲ್ಲಿ ಕೋಲಾಹಲವೆದ್ದಿತು.

ಜನಪ್ರಿಯ ಲೇಖಕಿ ಶಾರದಮ್ಮನವರ ಹೊಸ ಧಾರಾವಾಹಿ ಆ್ಯಪಿನಲ್ಲಿ ಬರಬೇಕಿತ್ತು, ಬಂದಿರಲಿಲ್ಲ. ಶಾರದಮ್ಮ ಫೋನಿನಲ್ಲೇ ಅತ್ತುಬಿಟ್ಟರು.

"ನೇಹಾ!" ತುಂಗಾ ಕೂಗಿದಳು. ನೇಹಾ ಮೈಸೂರಿನಿಂದ ಹೊಸದಾಗಿ ಬಂದಿದ್ದ ಉಪಸಂಪಾದಕಿ. "ಬೆಳಿಗ್ಗೇನೇ ಹೇಳಿದ್ದೆನಲ್ಲ! ಎಲ್ಲಿ ಅವರ ಕಥೆ?"

"ನೀವು ಹೇಳಿದ ಹಾಗೇ ಮಾಡಿದೆ ಮೇಡಂ..."

"ನಾನೇನು ಹೇಳಿದ್ದೆ?"

"ಶಾರದಮ್ಮನೋರ ಕಥೆ ತೆಗೆದು ಹಾಕಿಬಿಡು ಅಂದ್ರಿ. ತೆಗೆದುಹಾಕ್ದೆ." ಹುಡುಗಿ ಅಳುಮುಖ ಮಾಡಿಕೊಂಡು ಪರದೆಯತ್ತ ಬೆರಳು ತೋರಿಸಿದಳು. "ಬಟನ್ ಮೇಲೂ ಅದೇ ಇದೆಯಲ್ಲ ಮೇಡಂ!"

ಕೆಂಪು ಬಟನ್. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ 'ತೆಗೆದುಹಾಕು'.

"ಅಯ್ಯೋ, ಅಳಿಸು ಅಂತ ಯಾರು ಹೇಳಿದ್ದು? ಅಲ್ಲಿಂದ ತೆಗೆದು ಇಲ್ಲಿ ಹಾಕು ಅಂದೆ! ಎಡುತ್ತು ಪೋಡು ಅಂತ..."

ತನ್ನ ಬಾಯಿಂದ ಬಂದ ತಮಿಳು ತನ್ನ ಕಿವಿಗೇ ಬಿದ್ದದ್ದೇ ತಡ, ತುಂಗಾ ಕುರ್ಚಿಯಲ್ಲಿ ಕುಸಿದಳು.

ಎಡುತ್ತು ಪೋಡು. ತೆಗೆದು ಹಾಕು. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಅವಳ ಮನೆಯಲ್ಲಿ ಎಲ್ಲರೂ ಹಾಗೇ ಹೇಳುವುದು. ಊಟಕ್ಕೆ ಮೊದಲು ತಟ್ಟೆ ತೆಗೆದು ಹಾಕು, ಎಲೆ ತೆಗೆದು ಹಾಕು. ತಮಿಳಿನ ಮಾತನ್ನೇ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇವೆ ಎಂಬ ಅರಿವೂ ಯಾರಿಗೂ ಇರಲಿಲ್ಲ.

ಆ ಸೋಮವಾರದ ಬೆಳಿಗ್ಗೆ ಗುರುಚರಣ ಫೋನು ಮಾಡಿದ್ದ. 'ಹಳೇ ಸಂಚಿಕೆ ಎಲ್ಲಾ ಏನ್ ಮಾಡ್ಲಿರಿ? ಫೋನಿನ್ಯಾಗ ಆ ಫಾಂಟು ಕಲಸುಮೇಲೋಗರ ಕಾಣಸ್ತದ.'

ಅವಸರದಲ್ಲಿ ಅವಳೇ ಉತ್ತರಿಸಿದ್ದಳು. 'ಎಲ್ಲಾ ತೆಗೆದು ಹಾಕಿಬಿಡಿ.'

ಎಲ್ಲವನ್ನೂ ತೆಗೆದು ಹೊಸ ಪುಟದಲ್ಲಿ ಹಾಕಿ ಎಂದಿದ್ದಳು. ಹುಬ್ಬಳ್ಳಿಯವನು ಕೇಳಿಸಿಕೊಂಡದ್ದು ಅಳಿಸಿ ಎಂದು!

'ಅಪ್ಪಾ... ನಾನೇನಾ? ನಾನೇ ಮಾಡಿದ್ನಾ?'

ಶಾರದಮ್ಮನವರ ಬಳಿ ಪ್ರತಿಯಿತ್ತು, ಅದು ಹೇಗೋ ಸರಿಹೋಯಿತು. ತುಂಗಾ ಮಾತ್ರ ಅಲ್ಲಿ ನಿಲ್ಲಲಿಲ್ಲ. ಸಿಕ್ಕಿದ ಆಟೋ ಹತ್ತಿದಳು.

ರಾಯಪುರಂನ ಕೋಣೆಗೆ ಬೀಗವಿತ್ತು; ಎದುರಿನ ಕಡಲ ಕಲ್ಲುಗಳ ಬಳಿ ಗುರುಚರಣ ಒಬ್ಬನೇ ಕೂತಿದ್ದ. ಹತ್ತಿರದಲ್ಲಿ ಹೆಂಗಸರು ಮೀನು ಆರಿಸುತ್ತಾ ಜೋರಾಗಿ ಜಗಳವಾಡುತ್ತಿದ್ದರು.

"ನಿಮಗೆ ಗೊತ್ತಿತ್ತಾ?" ಏದುಸಿರು ಬಿಡುತ್ತಾ ಕೇಳಿದಳು. "ನಾನು ತೆಗೆದು ಹಾಕಿ ಅಂದದ್ದಕ್ಕೆ ಅರ್ಥ ಬೇರೆ ಅಂತ... ಗೊತ್ತಿತ್ತಾ?"

ಅವನು ಮೀನಿನ ಬುಟ್ಟಿಗಳತ್ತ ನೋಡಿದ.

"ಆಗ ಗೊತ್ತಿರಲಿಲ್ರಿ. ಆಚಾರ್ರು ಹೋದಮ್ಯಾಲೆ ಒಂದಿನ ಇಲ್ಲೇ, ಒಬ್ಬಾಕಿ ತನ್ನ ಮಗಳಿಗೆ ಬುಟ್ಟಿ ತೋರಿಸಿ 'ಎಡುತ್ತು ಪೋಡು' ಅಂದ್ಲು. ಆ ಹುಡುಗಿ ಮೀನು ತಕ್ಕಡಿಗೆ ಹಾಕಿದ್ಲು, ಚೆಲ್ಲಲಿಲ್ಲ. ಆವಾಗ ತಿಳೀತು."

"ಮತ್ತೆ ಯಾಕೆ ಬಂದು ಹೇಳಲಿಲ್ಲ? ನಿನ್ನೆ ಎದುರಿಗೇ ಕೂತಿದ್ರಿ! ಒಂದು ಮಾತು ಹೇಳಬಹುದಿತ್ತಲ್ಲ!"

"ಹೇಳಿದ್ರ ಏನಾಗತಿತ್ತು? ನನ್ನ ಬೈಕೊಂಡು ಬದುಕಿದ್ರಿ. ನಿಮ್ಮ ಮಾತಿನಿಂದನೇ ನಿಮ್ಮಪ್ಪಾರ ಪತ್ರಿಕೆ ಹೋತು ಅಂತ ಗೊತ್ತಾದ್ರ... ಯಾರನ್ನ ಬೈಕೋತಿದ್ರಿ?"

ತುಂಗಾ ಅವನನ್ನೇ ದಿಟ್ಟಿಸಿದಳು. ತಾನು ದ್ವೇಷಿಸುತ್ತಿದ್ದಷ್ಟೂ ದಿನ ಅವನು ಅದನ್ನು ತನಗಾಗಿಯೇ ಹೊತ್ತಿದ್ದ!

"ಆ ವಿಭಾಗ..." ಕೇಳಲು ಭಯವಾಯಿತು. "ಹಳೇ ಟಪಾಲು ಅಂದ್ರಲ್ಲ. ಏನಿತ್ತು ಅದರಲ್ಲಿ?"

ಆಗ ಮಾತ್ರ ಗುರುಚರಣ ಸಿಡಿದ. "ತೆರೆದು ನೋಡ್ರಿ ಅಂದ್ನಲ್ಲ! 'ತೀರ' ಇತ್ತು ಅದ್ರಾಗ! ಆಚಾರ್ರು ಓದುಗರಿಗೆ ಮೇಲ್ ಮಾಡ್ತಿದ್ರಲ್ಲ, ಅವು ಅವರವರ ಇನ್‌ಬಾಕ್ಸಿನ್ಯಾಗ ಉಳಿದಿದ್ವು. ಒಬ್ಬೊಬ್ಬರನ್ನ ಬೇಡಿ ಬೇಡಿ ಕೂಡಿಸಿದ್ದೆ. ನನ್ನ ತಪ್ಪು ತಿದ್ದಾಕ 'ಅಲೆ' ಶುರು ಮಾಡಿದ್ದೇ ಅದಕ್ಕ. ಒಂದು ಸಲ... ಒಂದೇ ಒಂದು ಸಲ ನೋಡಬೇಕಿತ್ತು ನೀವು!"

ಅವನು ತಿಳಿಯದೆ ಅಳಿಸಿದ್ದ. ತುಂಗಾ ಬೇಕೆಂದೇ, ಖುಷಿಪಟ್ಟು ಅಳಿಸಿದ್ದಳು. ಅಪ್ಪನ ಪತ್ರಿಕೆಯನ್ನು ಎರಡನೇ ಸಲ ಕೊಂದವಳು ಅವಳೇ.

ಅಲ್ಲೇ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕಪಕ್ಕದವರು ಜಗಳ ನಿಲ್ಲಿಸಿ ಇತ್ತ ನೋಡಿದರು. ಅವಳಿಗೆ ಯಾರ ಪರಿವೆಯೂ ಇರಲಿಲ್ಲ.

"ಈಗ ನಿಮ್ಮ ಸರದಿ," ಎಂದಳು ಕೊನೆಗೆ. "ಸೇಡು ತೀರಿಸ್ಕೊಳ್ಳಿ ಗುರು. ಏನು ಶಿಕ್ಷೆ ಕೊಟ್ಟರೂ ಸರಿ."

ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಕೊಡ್ತೀನಿ. ಅಷ್ಟೂ ಓದುಗರಿಗೆ ನೀವೇ ಫೋನ್ ಮಾಡಬೇಕು. 'ಅಳಿಸಿದ್ದು ನಾನು, ಮತ್ತೊಮ್ಮೆ ಕಳಸ್ರಿ' ಅಂತ ನಿಮ್ಮ ಬಾಯಿಂದನೇ ಕೇಳಬೇಕು."

"ಕೇಳ್ತೀನಿ. ಎಲ್ಲಾ ಸಿಗತ್ತಾ?"

"ಎಲ್ಲಾ ಸಿಗಂಗಿಲ್ಲ. ಕೆಲವರು ಕಳಿಸಿದಮ್ಯಾಲೆ ತೀರಿಕೊಂಡ್ರು. ಅವರ ಹತ್ರ ಇದ್ದ ಸಂಚಿಕಿ ಹೋದಂಗೇ."

ಕ್ಷಮೆ ಕೇಳಿದರೂ ಕೆಲವು ಮರಳಿ ಬಾರವು ಎಂದು ಇಬ್ಬರಿಗೂ ಗೊತ್ತಿತ್ತು.

"ನಾನು ಫೋನ್ ಮಾಡುವಾಗ ಪಕ್ಕದಲ್ಲಿ ಇರ್ತೀರಾ?" ಮೆಲ್ಲಗೆ ಕೇಳಿದಳು. "ಒಬ್ಬಳೇ ಆದ್ರೆ ಧೈರ್ಯ ಬರಲ್ಲ."

"ಇರ್ತೀನಿ."

"ಫೋನ್ ಎಲ್ಲಾ ಮುಗಿದ ಮೇಲೆ?"

ಅವನು ತಿರುಗಿ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಇಷ್ಟು ವರ್ಷ ನಿಮ್ಮನ್ನ ಯಾಕೆ ದ್ವೇಷಿಸಿದೆ ಗೊತ್ತಾ ಗುರು? ಮರೆಯೋಕೆ ಆಗ್ಲಿಲ್ಲ, ಅದಕ್ಕೆ. ನಂಗೆ ನೀವಂದ್ರೆ ಅಷ್ಟು ಇಷ್ಟ... ಅವಾಗ್ಲೂ, ನಿನ್ನೆ ಆ ಬಟನ್ ಒತ್ತುವಾಗ್ಲೂ."

ಗುರುಚರಣ ಅವಳ ಒದ್ದೆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ. ಅವನ ಕಣ್ಣಲ್ಲೂ ನೀರಿತ್ತು.

"ಇದು ಮಾತ್ರ ನಂಗ ಗೊತ್ತಿರಲಿಲ್ರಿ," ಎಂದ. "ಇನ್ನೊಮ್ಮೆ ಹೇಳ್ರಿ."

ಅವಳು ಹೇಳಿದಳು.