ಹಗ್ಗದ ಹುಡುಗಿ ಮತ್ತು ಮಸಿಗುಡ್ಡದ ಮಾಂತ್ರಿಕ

ಬಹಳ ಹಿಂದೆ, ಹುಲಿ ಹಾವುಗಳು ಇನ್ನೂ ಮನುಷ್ಯರ ಮಾತು ಮರೆಯದಿದ್ದ ಕಾಲದಲ್ಲಿ, ಕೇದಗೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯವನ್ನು ವಿಜಯಮಲ್ಲನೆಂಬ ರಾಜ ಆಳುತ್ತಿದ್ದ. ಅವನಿಗೆ ನಾಟಕವೆಂದರೆ ಪ್ರಾಣ. ಅರಮನೆಯ ಎದುರಿಗೇ ದೊಡ್ಡದೊಂದು ನಾಟಕಶಾಲೆ ಕಟ್ಟಿಸಿದ್ದ. ಹುಣ್ಣಿಮೆ ಬಂತೆಂದರೆ ಊರಿಗೆ ಊರೇ ಅಲ್ಲಿ ಸೇರುತ್ತಿತ್ತು. ಕುಂಬಾರರು, ನೇಕಾರರು, ಮಂತ್ರಿಗಳು, ಸೊಪ್ಪು ಮಾರುವವರು ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ನಗುತ್ತಿದ್ದರು, ಒಟ್ಟಿಗೆ ಅಳುತ್ತಿದ್ದರು.

ಆ ನಾಟಕಶಾಲೆಗೆ ಸುರಗಿ ಎಂಬ ಹುಡುಗಿ ಬಂದು ಸೇರಿದಳು.

ಸುರಗಿ ಹುಟ್ಟಿದ್ದು ಊರೂರು ಸುತ್ತಿ ದೊಂಬರಾಟ ಆಡುವ ಮನೆಯಲ್ಲಿ. ಅಪ್ಪ ಡೋಲು ಬಡಿಯುತ್ತಿದ್ದ, ಅವ್ವ ಬಿದಿರಿನ ಗಳುಗಳ ನಡುವೆ ಹಗ್ಗ ಬಿಗಿಯುತ್ತಿದ್ದಳು. ಸುರಗಿ ನೆಲದ ಮೇಲೆ ನಡೆಯಲು ಕಲಿತ ವರ್ಷವೇ ಹಗ್ಗದ ಮೇಲೂ ನಡೆದಳು. ಬೆಂಕಿಯ ಬಳೆಯೊಳಗೆ ಹಾರಿದಳು. ಬೆನ್ನನ್ನು ಹಿಂದಕ್ಕೆ ಬಾಗಿಸಿ, ನೆಲದಲ್ಲಿದ್ದ ಸೂಜಿಯನ್ನು ಕಣ್ಣರೆಪ್ಪೆಯಿಂದ ಎತ್ತಿದಳು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಮನೆಗೆ ಹೋಗುತ್ತಿದ್ದರು.

ಒಂದು ಸಲ ರಾಜಧಾನಿಗೆ ಬಂದಾಗ ಅವಳು ನಾಟಕ ನೋಡಿದಳು. ಹಂಸಾಂಬೆ ಎಂಬ ಹಿರಿಯ ನಟಿ ರಂಗದ ನಡುವೆ ಬಂದು ನಿಂತಳು. ಹಾರಲಿಲ್ಲ, ಕುಣಿಯಲಿಲ್ಲ. ಬಾಗಿಲ ಕಡೆಗೆ ಒಮ್ಮೆ ತಿರುಗಿ ನೋಡಿದಳು. ಅಷ್ಟಕ್ಕೇ ಚಾಪೆಯ ಮೇಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ನಾನು ಮುಗಿಲಷ್ಟು ಎತ್ತರದಿಂದ ಹಾರಿದರೂ ಯಾರೂ ಅತ್ತಿಲ್ಲವಲ್ಲ ಎಂದುಕೊಂಡಳು ಸುರಗಿ. ಮರುದಿನ ಬೆಳಿಗ್ಗೆ ಅಪ್ಪ ಅವ್ವನ ಕಾಲಿಗೆ ಬಿದ್ದು, ಹಂಸಾಂಬೆಯ ಮನೆ ಬಾಗಿಲಿಗೆ ಹೋಗಿ ನಿಂತಳು.

“ಅಮ್ಮಾ, ನನಗೆ ನಟನೆ ಕಲಿಸಿಕೊಡಿ.”

“ನಿನಗೇನು ಬರುತ್ತೆ, ತೋರಿಸು,” ಎಂದಳು ಹಂಸಾಂಬೆ.

ಸುರಗಿ ಅಂಗಳದಲ್ಲಿ ಹಗ್ಗ ಕಟ್ಟಿ ತನಗೆ ಬರುವುದನ್ನೆಲ್ಲ ಮಾಡಿ ತೋರಿಸಿದಳು. ಹಂಸಾಂಬೆ ಕೊನೆಯವರೆಗೂ ನೋಡಿದಳು.

“ಮೇಲಿದ್ದಷ್ಟು ಹೊತ್ತೂ ನಗ್ತಾನೇ ಇದ್ದೆ. ಹೆದರಿಕೆ ಆಗಲಿಲ್ವಾ?”

“ಆಯ್ತು ಅಮ್ಮಾ. ಅದನ್ನು ತೋರಿಸಬಾರದು ಅಂತ ನಮ್ಮವ್ವ ಕಲಿಸಿದ್ದಾಳೆ.”

“ಇಲ್ಲಿ ತೋರಿಸೋದನ್ನು ಕಲೀಬೇಕು. ಅದಕ್ಕೆ ತುಂಬಾ ದಿನ ಹಿಡಿಯುತ್ತೆ. ಇರು, ನೋಡೋಣ.”

ಸುರಗಿ ಅಲ್ಲೇ ಉಳಿದಳು. ಅವಳಿಗೆ ಮಾತಿಲ್ಲದ ಪಾತ್ರಗಳೇ ಸಿಕ್ಕವು. ಒಂದು ನಾಟಕದಲ್ಲಿ ಮಂಗ, ಇನ್ನೊಂದರಲ್ಲಿ ಸಮುದ್ರದ ಅಲೆ, ಮತ್ತೊಂದರಲ್ಲಿ ಗಾಳಿಗೆ ಸಿಕ್ಕ ಬಾಳೆಗಿಡ. “ನನಗೆ ಮಾತು ಯಾವಾಗ ಕೊಡ್ತೀರಿ?” ಎಂದು ಕೇಳಿದರೆ, “ಮೊದಲು ಬಾಳೆಗಿಡ ಸರಿಯಾಗಿ ಆಗು,” ಎನ್ನುತ್ತಿದ್ದಳು ಹಂಸಾಂಬೆ. ಸುರಗಿಗೆ ಬೇಸರವಾಗುತ್ತಿತ್ತು. ಆದರೂ ದಿನವೂ ಹಿತ್ತಲಿಗೆ ಹೋಗಿ ಬಾಳೆಗಿಡದ ಮುಂದೆ ನಿಲ್ಲುತ್ತಿದ್ದಳು.

ರಾಜ್ಯದ ಗಡಿಯಲ್ಲಿ ಮಸಿಗುಡ್ಡವೆಂಬ ಕಪ್ಪು ಬೆಟ್ಟವಿತ್ತು. ಅದರ ಮೇಲೆ ಧೂಮ್ರಕನೆಂಬ ಮಾಂತ್ರಿಕನಿದ್ದ. ಹಿಡಿ ಬೂದಿಯಿಂದ ಆನೆ ಮಾಡುತ್ತಿದ್ದ, ಬೊಗಸೆ ನೀರಿನಿಂದ ಹೊಳೆ ಹರಿಸುತ್ತಿದ್ದ. ತಾನೇ ಇಷ್ಟೆಲ್ಲ ಮಾಯೆ ಮಾಡುತ್ತಿದ್ದುದರಿಂದ ಜಗತ್ತಿನಲ್ಲಿ ಏನು ಕಂಡರೂ ಅವನಿಗೆ ನಂಬಿಕೆ ಬರುತ್ತಿರಲಿಲ್ಲ. ಒಂದು ಹುಣ್ಣಿಮೆಯ ಸಂಜೆ ಅವನು ವೇಷ ಮರೆಸಿಕೊಂಡು ನಾಟಕ ನೋಡಲು ಬಂದ. ಎಡಗಡೆ ಕೂತ ಮಂತ್ರಿ ಅತ್ತ, ಬಲಗಡೆ ಕೂತ ಸೊಪ್ಪಿನವಳು ಅತ್ತಳು. ಧೂಮ್ರಕನ ಕಣ್ಣು ಮಾತ್ರ ಒಣಗಿಕೊಂಡೇ ಇತ್ತು. ಅವನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು.

“ಇವರಿಗೆ ಸಿಕ್ಕಿದ್ದು ನನಗೂ ಸಿಗಬೇಕು,” ಎಂದು ಎದ್ದು ನಿಂತ. ಒಂದು ಹಿಡಿ ಮಸಿಯನ್ನು ರಂಗದ ಮೇಲೆ ಎರಚಿದ. ರಂಗದ ಹಲಗೆಯ ಮೇಲೆ ಕಾಲಿಟ್ಟಿದ್ದ ನಟ ನಟಿಯರೆಲ್ಲ ನಿಂತಲ್ಲೇ ಮರದ ಗೊಂಬೆಗಳಾದರು. ಹಂಸಾಂಬೆಯೂ ಎತ್ತಿದ ಕೈ ಎತ್ತಿದಂತೆಯೇ ಗೊಂಬೆಯಾದಳು. ಧೂಮ್ರಕ ಎಲ್ಲರನ್ನೂ ಉತ್ತರೀಯದಲ್ಲಿ ಗಂಟು ಕಟ್ಟಿಕೊಂಡು, ಹೊಗೆಯಾಗಿ ಮೇಲೆದ್ದು ಹೋದ.

ಸುರಗಿ ಅಂದು ಮೋಡದ ಪಾತ್ರ ಮಾಡುತ್ತಿದ್ದಳು. ರಂಗದ ಮೇಲಕ್ಕೆ ಕಟ್ಟಿದ ಹಗ್ಗದಲ್ಲಿದ್ದಳು. ಹಲಗೆಗೆ ಅವಳ ಕಾಲು ತಾಗಿರಲಿಲ್ಲ. ಹಾಗಾಗಿ ಅವಳೊಬ್ಬಳು ಉಳಿದಳು.

ರಾಜ ಸೈನ್ಯ ಕಳಿಸಿದ. ಹೋದ ಸೈನ್ಯ ಹೋದ ಹಾಗೆಯೇ ಹಿಂದಿರುಗಿತು. ನಾಟಕಶಾಲೆಗೆ ಬೀಗ ಬಿತ್ತು. ಊರಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆಗ ಸುರಗಿ ರಾಜನ ಮುಂದೆ ಹೋಗಿ ಕೈಮುಗಿದಳು.

“ಮಹಾಪ್ರಭು, ನಾನು ಹೋಗಿ ಬರ್ತೀನಿ.”

“ಕತ್ತಿ ಹಿಡಿದವರೇ ಸೋತು ಬಂದರಲ್ಲ ಮಗಳೇ. ನೀನೇನು ಮಾಡುತ್ತೀಯ?”

“ಗೊತ್ತಿಲ್ಲ ಪ್ರಭು. ಆದರೆ ನಮ್ಮ ತಂಡದಲ್ಲಿ ಉಳಿದವಳು ನಾನೊಬ್ಬಳೇ. ನಾನಲ್ಲದೆ ಇನ್ಯಾರು ಹೋಗಬೇಕು?”

ರಾಜ ತಾನೇ ಊರಬಾಗಿಲವರೆಗೆ ಬಂದು ಕಳಿಸಿಕೊಟ್ಟ.

ಸುರಗಿ ನಡೆದಳು, ನಡೆದಳು, ಬಯಲು ಮುಗಿಯುವ ತನಕ ನಡೆದಳು. ಅಲ್ಲಿ ತಳ ಕಾಣದ ಒಂದು ಕಂದರವಿತ್ತು. ಅದಕ್ಕೆ ಸೇತುವೆ ಇರಲಿಲ್ಲ. ಆ ದಡದಿಂದ ಈ ದಡಕ್ಕೆ ಒಂದು ಹೆಬ್ಬಾವು ಮೈಚಾಚಿ ಮಲಗಿತ್ತು. ಅದರ ತಲೆ ಈ ಕಡೆಗಿತ್ತು.

“ದಾಟುವವರು ನನ್ನ ಮೇಲೆ ನಡೆದು ದಾಟಬೇಕು,” ಎಂದಿತು ಹಾವು. “ಹೆದರಿದವರ ಕಾಲು ನಡುಗುತ್ತದೆ. ನಡುಗಿದರೆ ನನಗೆ ಕಚಗುಳಿ. ಕಚಗುಳಿಯಾದರೆ ಮೈ ಕೊಡವುತ್ತೇನೆ. ಸೈನಿಕರು ಅದನ್ನು ಕೇಳಿಯೇ ಹೊರಟುಹೋದರು.”

ಸುರಗಿ ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೈಗಳನ್ನು ಅಗಲಕ್ಕೆ ಚಾಚಿದಳು. ಹಾವಿನ ಮೈ ತಣ್ಣಗಿತ್ತು, ಜಾರುತ್ತಿತ್ತು. ಕೆಳಗಿನಿಂದ ಗಾಳಿ ಬೀಸುತ್ತಿತ್ತು. ಅವಳು ಎದುರಿನ ದಡದ ಒಂದು ಕಲ್ಲನ್ನೇ ನೋಡುತ್ತ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟಳು. ನಡುವೆ ಹಾವು ಬೇಕೆಂದೇ ಒಮ್ಮೆ ಉಸಿರೆಳೆದುಕೊಂಡಿತು. ಸುರಗಿ ಮೊಣಕಾಲು ಸಡಿಲಿಸಿ, ಅದು ಉಬ್ಬಿದಾಗ ಉಬ್ಬಿ, ತಗ್ಗಿದಾಗ ತಗ್ಗಿ, ಮುಂದೆ ನಡೆದಳು.

ಅವಳು ಆಚೆ ದಡ ಸೇರಿದ ಮೇಲೆ ಹಾವು ತಲೆ ತಿರುಗಿಸಿ ಕೇಳಿತು: “ನಿನಗೆ ಹೆದರಿಕೆಯೇ ಇಲ್ಲವೇ ಹುಡುಗಿ?”

“ಇದೆ ಹಾವಪ್ಪ. ಎದೆ ಇನ್ನೂ ಹೊಡ್ಕೊಳ್ತಾ ಇದೆ. ಅದು ಕಾಲಿನ ತನಕ ಇಳಿಯದ ಹಾಗೆ ನೋಡ್ಕೊಂಡೆ, ಅಷ್ಟೇ.”

“ಹೋಗು. ಮುಂದೆ ಹುಲಿಯಿದೆ. ಅಲ್ಲಿ ಕಾಲೊಂದೇ ಸಾಲದು,” ಎಂದು ಹಾವು ಕಣ್ಣು ಮುಚ್ಚಿತು.

ಸುರಗಿ ನಡೆದಳು, ನಡೆದಳು, ಕಾಡು ಮುಗಿಯುವ ತನಕ ನಡೆದಳು. ಅಲ್ಲಿ ಮಸಿಗುಡ್ಡದ ಬಾಗಿಲಿತ್ತು. ಬಾಗಿಲಲ್ಲಿ ದನದ ಕೊಟ್ಟಿಗೆಯಷ್ಟು ದೊಡ್ಡ ಹುಲಿ ಕೂತಿತ್ತು.

“ಈ ಬಾಗಿಲಲ್ಲಿ ಹುಲಿಗಳಿಗೆ ಮಾತ್ರ ದಾರಿ. ಮನುಷ್ಯರು ಬಂದರೆ ನನಗೆ ಊಟ,” ಎಂದಿತು ಹುಲಿ.

ಮಂಗನಾಗಿ, ಅಲೆಯಾಗಿ ಆಡಿದವಳಿಗೆ ಹುಲಿಯಾಗುವುದು ಯಾವ ದೊಡ್ಡ ವಿಷಯ ಎಂದುಕೊಂಡಳು ಸುರಗಿ. ನಾಲ್ಕು ಕಾಲಿನ ಮೇಲೆ ನಿಂತಳು, ಗರ್ಜಿಸಿದಳು, ಬಂಡೆಯಿಂದ ಬಂಡೆಗೆ ಜಿಗಿದಳು, ಗಾಳಿಯಲ್ಲಿ ಲಾಗ ಹಾಕಿ ಇಳಿದಳು.

ಹುಲಿ ಆಕಳಿಸಿತು. “ನಾನು ಯಾವತ್ತೂ ಹಾಗೆ ಲಾಗ ಹಾಕಿಲ್ಲ. ಮರ ಹತ್ತು. ಕೆಳಗಿದ್ದರೆ ತಿನ್ನಬೇಕಾಗುತ್ತದೆ. ಇನ್ನೊಂದು ಸಲ ನೋಡುತ್ತೇನೆ.”

ಸುರಗಿ ಮರ ಹತ್ತಿದಳು. ಅವಳಿಗೆ ನಾಚಿಕೆಯಾಗಿತ್ತು. ಮೇಲೆ ಕೂತು ಹುಲಿಯನ್ನೇ ನೋಡಿದಳು. ಹುಲಿ ಜಿಗಿಯಲಿಲ್ಲ, ಗರ್ಜಿಸಲಿಲ್ಲ. ಬಿಸಿಲು ಸರಿದ ಹಾಗೆ ನೆರಳಿಗೆ ಸರಿಯಿತು. ನೊಣ ಕೂತರೆ ಕಿವಿಯನ್ನು ಮಾತ್ರ ಅಲುಗಿಸಿತು. ಮುಂದಿನ ಎಡಗಾಲನ್ನು ಊರುವಾಗ ಒಂದು ಚೂರು ತಡೆಯಿತು. ಅಲ್ಲಿ ಹಳೆಯ ಗಾಯವಿರಬೇಕು. ಆಗಾಗ ತಲೆಯೆತ್ತಿ ಕಾಡಿನ ಕಡೆಗೆ ನೋಡುತ್ತಿತ್ತು, ಮತ್ತೆ ತಲೆಯನ್ನು ಪಂಜದ ಮೇಲೆ ಇಟ್ಟುಕೊಳ್ಳುತ್ತಿತ್ತು. ಮನೆಗೆ ಹೋಗಬೇಕೆಂದರೂ ಹೋಗಲಾರದವರು ಹಾಗೆ ನೋಡುತ್ತಾರೆ ಎಂಬುದು ಸುರಗಿಗೆ ತಿಳಿಯಿತು.

ಮಧ್ಯಾಹ್ನ ಅವಳು ಮೆಲ್ಲಗೆ ಇಳಿದಳು. ಹುಲಿಯಿಂದ ಸ್ವಲ್ಪ ದೂರ ಮೈಯನ್ನು ಭಾರವಾಗಿ ಚೆಲ್ಲಿ ಮಲಗಿದಳು. ಒಂದು ನೊಣ ಬಂತು. ಅವಳಿಗೆ ಕಿವಿ ಅಲುಗಿಸಲು ಬರುತ್ತಿರಲಿಲ್ಲ, ಆದರೆ ಕಿವಿಯ ಹಿಂದಿನ ಚರ್ಮ ಹೇಗೋ ತಾನಾಗಿ ಮಿಡಿಯಿತು. ತಲೆಯೆತ್ತಿ ಕಾಡಿನ ಕಡೆಗೆ ನೋಡಿದಳು. ಹಾಗೇ ನೋಡುತ್ತ ಇದ್ದಳು.

ಬಿಸಿಲು ಅವಳ ಮೇಲೆ ಬಿದ್ದಾಗ ಹುಲಿ ತಾನು ಸರಿದು ನೆರಳಿನಲ್ಲಿ ಅವಳಿಗೆ ಜಾಗ ಮಾಡಿಕೊಟ್ಟಿತು. ಸುರಗಿ ಎದ್ದು ನಿಧಾನವಾಗಿ ಬಾಗಿಲು ದಾಟಿ ಒಳಗೆ ಹೋದಳು. ಹುಲಿ ತಡೆಯಲಿಲ್ಲ.

ಸುರಗಿ ಹತ್ತಿದಳು, ಹತ್ತಿದಳು, ಗುಡ್ಡದ ನೆತ್ತಿಯ ತನಕ ಹತ್ತಿದಳು. ನೆತ್ತಿ ಸೇರುವಾಗ ಮರುದಿನ ಬೆಳಗಾಗಿತ್ತು. ಅಲ್ಲಿ ಧೂಮ್ರಕನ ದೊಡ್ಡ ಚಾವಡಿ ಇತ್ತು. ಗೋಡೆಯುದ್ದಕ್ಕೂ ಮೊಳೆಗಳಿಗೆ ಗೊಂಬೆಗಳನ್ನು ತೂಗುಹಾಕಿದ್ದ. ಮಾಂತ್ರಿಕ ಚಿಟಿಕೆ ಹೊಡೆದರೆ ಗೊಂಬೆಗಳು ಇಳಿದು ಬಂದು ನಾಟಕ ಆಡುತ್ತಿದ್ದವು. ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಧೂಮ್ರಕ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದ.

“ಇವು ಅಳಿಸುತ್ತಿಲ್ಲ. ನೀನು ಯಾರು?” ಎಂದ, ತಿರುಗದೆಯೇ.

“ಅದೇ ತಂಡದವಳು ಅಯ್ಯಾ. ಅವರನ್ನು ಕರ್ಕೊಂಡು ಹೋಗೋಕೆ ಬಂದಿದ್ದೀನಿ.”

ಧೂಮ್ರಕ ಚಿಟಿಕೆ ಹೊಡೆದು ಗೊಂಬೆಗಳನ್ನು ಮತ್ತೆ ಮೊಳೆಗೆ ಕಳಿಸಿ, ಆಗ ತಿರುಗಿ ನೋಡಿದ. ಅವನ ಕೆನ್ನೆ ಒಳಕ್ಕೆ ಹೋಗಿತ್ತು, ಕೈ ಕಡ್ಡಿಯಂತಿತ್ತು. “ಹಾಗಿದ್ದರೆ ಕೇಳು. ಈಗ ಹೊತ್ತು ಏರುತ್ತಿದೆ. ಸೂರ್ಯ ಮುಳುಗುವುದರೊಳಗೆ ನಿನ್ನ ಒಂದೇ ಒಂದು ಸುಳ್ಳನ್ನು ನಾನು ನಿಜವೆಂದು ನಂಬಿದರೆ ನನ್ನ ಮಾಯೆಯೆಲ್ಲ ಬಿಟ್ಟುಹೋಗಲಿ, ಇವರೆಲ್ಲ ನಿನ್ನವರು. ನಂಬದಿದ್ದರೆ ಆ ಕೊನೆಯ ಮೊಳೆ ಖಾಲಿಯಿದೆ, ಅದು ನಿನಗೆ.”

“ಆಗಲಿ,” ಎಂದಳು ಸುರಗಿ.

ಅವಳು ಕೈಯ ಮೇಲೆ ನಡೆದಳು. “ಭುಜದ ಬಲ,” ಎಂದ ಧೂಮ್ರಕ. ತೊಲೆಯಿಂದ ಬಿದ್ದಂತೆ ಮಾಡಿ ಅರ್ಧದಲ್ಲಿ ಕಾಲಿನಿಂದ ತಡೆದುಕೊಂಡಳು. “ಹಿಮ್ಮಡಿ ಸಿಕ್ಕಿಸಿದ್ದೀಯ,” ಎಂದ. ಎದುರಿಗಿಲ್ಲದ ಗೋಡೆಗೆ ಅಂಗೈ ಒತ್ತಿ ತಳ್ಳಿದಳು. “ಅಲ್ಲಿ ಗೋಡೆಯಿಲ್ಲ,” ಎಂದ. ಸುರಗಿಯ ಮೈ ಬೆವರಿತು. ಹೊತ್ತು ಇಳಿಯತೊಡಗಿತು. ಅವಳು ಎಲ್ಲವನ್ನೂ ನಿಲ್ಲಿಸಿ ಒಂದು ಮೂಲೆಯಲ್ಲಿ ಕೂತಳು. ಹುಲಿಯನ್ನು ನೋಡಿದ ಹಾಗೆ ಮಾಂತ್ರಿಕನನ್ನು ನೋಡತೊಡಗಿದಳು.

ಊಟದ ಹೊತ್ತು ಮೀರಿತ್ತು. ಧೂಮ್ರಕ ಬೂದಿ ಎರಚಿದ. ಬೆಳ್ಳಿತಟ್ಟೆಯಲ್ಲಿ ಹೋಳಿಗೆ, ಪಾಯಸ, ಚಿತ್ರಾನ್ನ ಬಂದವು. ಒಂದು ತುತ್ತು ಎತ್ತಿದ, ಬಾಯಿಯ ಹತ್ತಿರ ತಂದ, ನೋಡಿದ. ಅದು ಬೂದಿ ಎಂದು ಅವನಿಗೆ ಗೊತ್ತಿತ್ತು. ಹಾಗೇ ಕೆಳಗಿಟ್ಟು ತಟ್ಟೆಯನ್ನು ಸರಿಸಿದ. ಅವನ ಗಂಟಲು ಮಾತ್ರ ಒಮ್ಮೆ ನುಂಗಿತು.

ಸುರಗಿ ಎದ್ದು ಬಂದು ಅವನೆದುರು ನೆಲದ ಮೇಲೆ ಕೂತಳು. ಇಲ್ಲದ ಚೊಂಬಿನಿಂದ ನೀರು ಬಗ್ಗಿಸಿ ಕೈ ತೊಳೆದು ಕೊಡವಿದಳು. ಇಲ್ಲದ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಅನ್ನಕ್ಕೆ ಬೆರಳಿಟ್ಟವಳು ಬಿಸಿಗೆ ಚಕ್ಕನೆ ಹಿಂದೆಗೆದು, ಊದಿದಳು. ಸಾರು ಕಲಸಿದಳು, ಗಂಟು ಉಳಿಯದ ಹಾಗೆ ಮೆಲ್ಲಗೆ ಹಿಸುಕಿದಳು. ಆಮೇಲೆ ತಲೆಯೆತ್ತಿ ಅವನನ್ನು ನೋಡಿದಳು. ಎಷ್ಟು ಹೊತ್ತಾಯಿತು, ಎಲ್ಲಿ ಹೋಗಿದ್ದೆ, ಮುಖ ಎಷ್ಟು ಬಾಡಿದೆ ಎಂದು ಕೇಳುವ ಹಾಗಿತ್ತು ಆ ನೋಟ. ಒಂದು ತುತ್ತು ಕಟ್ಟಿ, ಕೆಳಗೆ ಹನಿ ಬೀಳದಂತೆ ಎಡಗೈ ಒಡ್ಡಿ, ಅವನತ್ತ ಚಾಚಿದಳು. ಕಾದಳು. ತೋಳು ಸೋತು ಬಂತು. ಇಳಿಸಲಿಲ್ಲ.

ಧೂಮ್ರಕ ಮುಂದಕ್ಕೆ ಬಾಗಿದ. ಅವನ ಬಾಯಿ ತೆರೆಯಿತು. ತುತ್ತು ತೆಗೆದುಕೊಂಡ, ಅಗಿದ, ನುಂಗಿದ.

“ಉಪ್ಪು ಸ್ವಲ್ಪ ಕಡಿಮೆ,” ಎಂದ.

ಸೂರ್ಯ ಇನ್ನೂ ಬೆಟ್ಟದ ಅಂಚಿನಲ್ಲಿದ್ದ.

“ಅಯ್ಯಾ, ಅಲ್ಲಿ ಅನ್ನವೇ ಇರಲಿಲ್ಲ,” ಎಂದಳು ಸುರಗಿ.

ಧೂಮ್ರಕ ಅವಳ ಬರಿಗೈಯನ್ನು ನೋಡಿದ. ಮತ್ತೆ ಮತ್ತೆ ನೋಡಿದ. ಅವನ ಒಣಗಿದ ಕಣ್ಣಿನಿಂದ ನೀರು ಇಳಿಯಿತು. ಅದರ ಜೊತೆಗೇ ಮಾಯೆಯೂ ಇಳಿದುಹೋಯಿತು. ಗೋಡೆಯ ಮೇಲಿದ್ದ ಗೊಂಬೆಗಳು ಒಬ್ಬೊಬ್ಬರಾಗಿ ಕೆಳಗೆ ಹಾರಿ ಮನುಷ್ಯರಾದರು. ಬಾಗಿಲಲ್ಲಿದ್ದ ಹುಲಿ ಎದ್ದು ಮೈಮುರಿದು ಕಾಡಿಗೆ ನಡೆಯಿತು. ಕಂದರದ ಹೆಬ್ಬಾವು ಸುತ್ತಿಕೊಂಡು ತನ್ನ ಬಿಲ ಸೇರಿತು. ಅದು ಮಲಗಿದ್ದಲ್ಲಿ ಕಲ್ಲಿನ ಸೇತುವೆ ಕಾಣಿಸಿತು.

ಹಂಸಾಂಬೆ ಎತ್ತಿದ ಕೈಯನ್ನು ಇಳಿಸಿ ನೀವಿಕೊಂಡಳು. ಸುರಗಿಯನ್ನು ಹತ್ತಿರ ಕರೆದು ತಲೆ ಸವರಿದಳು. “ಮೊಳೆಯ ಮೇಲಿಂದ ಎಲ್ಲ ನೋಡ್ತಿದ್ದೆ ಕಣೇ. ನನಗೂ ಹಸಿವಾಯ್ತು,” ಎಂದಳು.

ಎಲ್ಲರೂ ಒಟ್ಟಾಗಿ ಗುಡ್ಡ ಇಳಿದರು. ಧೂಮ್ರಕನೂ ತಲೆ ತಗ್ಗಿಸಿಕೊಂಡು ಹಿಂದೆ ಬಂದ. ದಾರಿಯ ಮೊದಲ ಹಳ್ಳಿಯಲ್ಲಿ ಒಬ್ಬ ಅಜ್ಜಿ ಎಲ್ಲರಿಗೂ ಎಲೆ ಹಾಕಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಧೂಮ್ರಕ ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡ.

ರಾಜ ಅವನನ್ನು ಸೆರೆಗೆ ಹಾಕಿಸಲು ಹೊರಟಾಗ ಹಂಸಾಂಬೆ ತಡೆದಳು. “ಗೊಂಬೆ ಮಾಡಿದ್ದು ನಮ್ಮನ್ನು ಪ್ರಭು, ಶಿಕ್ಷೆ ನಾವೇ ಕೊಡ್ತೀವಿ. ಇನ್ನು ಮೇಲೆ ನಾಟಕಕ್ಕೆ ಚಾಪೆ ಹಾಸಿ ದೀಪ ಹಚ್ಚೋದು ಇವನ ಕೆಲಸ.” ಧೂಮ್ರಕ ಒಪ್ಪಿಕೊಂಡ.

ಮುಂದಿನ ಹುಣ್ಣಿಮೆಗೆ ಬೀಗ ತೆಗೆದರು. ಮಗನನ್ನು ಕಡಲಿಗೆ ಕಳಿಸಿದ ಬೆಸ್ತರ ಹೆಂಗಸಿನ ಪಾತ್ರವನ್ನು ಹಂಸಾಂಬೆ ಸುರಗಿಗೆ ಕೊಟ್ಟಿದ್ದಳು. ಮೊದಲ ಮಾತಿಗೇ ಸುರಗಿಯ ದನಿ ಒಡೆಯಿತು. ಜನ ಕಾದರು. ಅವಳು ಒಂದು ಉಸಿರೆಳೆದುಕೊಂಡು ಅದೇ ಒಡೆದ ದನಿಯಲ್ಲೇ ಮಗನ ಹೆಸರು ಹಿಡಿದು ಕರೆದಳು. ಮುಂದಿನ ಸಾಲಿನಲ್ಲಿ ಅವಳ ಅಪ್ಪ ಡೋಲಿನ ಮೇಲೆ ಕೈಯಿಟ್ಟುಕೊಂಡು ಅಲುಗಾಡದೆ ಕೂತ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಿಂದುಗಡೆ ದೀಪದ ಕಂಬಕ್ಕೆ ಒರಗಿ ನಿಂತಿದ್ದ ಧೂಮ್ರಕ, ಪಕ್ಕದಲ್ಲಿದ್ದ ಸೊಪ್ಪಿನವಳ ಸಮಸಮಕ್ಕೆ ಬಿಕ್ಕಿದ.

ಅಂದಿನಿಂದ ಕೇದಗೆನಾಡಿನಲ್ಲಿ ನಾಟಕ ತಪ್ಪಲಿಲ್ಲ, ನಗು ಕಡಿಮೆಯಾಗಲಿಲ್ಲ, ಯಾರ ಮನೆಯ ಒಲೆಯೂ ಆರಲಿಲ್ಲ. ಸುರಗಿ ಬಹುಕಾಲ ಬಾಳಿ ಎಷ್ಟೋ ಹುಡುಗಿಯರಿಗೆ ಹಗ್ಗವನ್ನೂ ಕಲಿಸಿದಳು, ನಟನೆಯನ್ನೂ ಕಲಿಸಿದಳು. ಅವರೆಲ್ಲ ಅಲ್ಲಿ ಸುಖವಾಗಿದ್ದರು. ಕೇಳಿದ ನಿಮ್ಮ ಮನೆಯೂ ತಣ್ಣಗಿರಲಿ.