ಹೊಂಬಾಳಮ್ಮನ ಪರಿಚಯ

ಚಾವಣಿಯಿಂದ ಇಳಿಬಿಟ್ಟ ಎರಡು ಯಂತ್ರದ ಕೈಗಳು ತಟ್ಟೆಯಿಂದ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದವು. ಒಂದೆಲೆ ಹೆಚ್ಚಿಲ್ಲ, ಒಂದೆಲೆ ಕಡಿಮೆಯಿಲ್ಲ. ರೇಷ್ಮೆಹುಳಗಳು ಮಾತ್ರ ತಲೆ ಎತ್ತಲಿಲ್ಲ.

ಡಾ. ಇಂಚರಾ ಹುಳದ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಕೈಗಳನ್ನು ಆಡಿಸುತ್ತಿದ್ದ ‘ಒಡನಾಡಿ’ ಎಂಬ ಕೃತಕ ಬುದ್ಧಿ ಅವಳದೇ ಕೂಸು. 2056ರ ಹೊತ್ತಿಗೆ ಮಾಗಡಿ ಸೀಮೆಯ ಮನೆಮನೆಯಲ್ಲೂ ಅದು ಹುಳ ಸಾಕುತ್ತಿತ್ತು. ಅದರ ಗುಟ್ಟು ಸರಳ. ಯಾವ ಉಪಕರಣವನ್ನೂ ಅದು ಮೊದಲೇ ಕಂಡಿರಬೇಕಿಲ್ಲ; ನಾಲ್ಕು ಸಾಲಿನ ‘ಪರಿಚಯ’ ಬರೆದುಕೊಟ್ಟರೆ ಸಾಕು. ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಅಷ್ಟೇ. ಫ್ಯಾನಿಗೊಂದು ಪರಿಚಯ, ತೇವ ಅಳೆಯುವ ಕಡ್ಡಿಗೊಂದು. ತನಗೆ ತಿಳಿಯದಾದಾಗ ಕರೆದು ಕೇಳಲು ಮನೆಯ ಮನುಷ್ಯರಿಗೂ ಒಂದೊಂದು. ಪರಿಚಯದಲ್ಲಿ ಬರೆದದ್ದೇ ಅದಕ್ಕೆ ವೇದವಾಕ್ಯ.

“ಮೊಮ್ಮಗೂನ ನಾಮಕರಣ ಅಂತ ಮೂರು ದಿನ ನಾನೂ ನಮ್ಮೆಜಮಾನ್ರೂ ಮಗಳ ಮನೆಗೋಗಿದ್ವಿ ಕಣವ್ವ,” ಎಂದಳು ಹೊಂಬಾಳಮ್ಮ. ಅರವತ್ತೆರಡರ ಹೆಂಗಸು, ಕಣ್ಣು ಕೆಂಪಗಾಗಿದ್ದವು. “ಏನಾರ ಆದ್ರೆ ಕರೀತದೆ ಅಂತ ಫೋನ್ ಕೈಯಲ್ಲೇ ಇಟ್ಕೊಂಡಿದ್ದೆ. ಒಂದ್ಸಲಾನೂ ಕರೀಲಿಲ್ಲ. ಬಂದು ನೋಡ್ತೀನಿ, ಅರ್ಧಕ್ಕರ್ಧ ಸತ್ತೋಗವೆ.”

ಅದು ಹಳೆಯ ಮೈಸೂರು ತಳಿ. ಸುತ್ತಲ ಹಳ್ಳಿಗಳಲ್ಲಿ ಇನ್ನಾರೂ ಸಾಕುತ್ತಿರಲಿಲ್ಲ. ಅವಳ ಅತ್ತೆ ಸಾಯುವ ಮುಂಚೆ ಕೈಗಿಟ್ಟು ಹೋದದ್ದು. ಬೆಳೆಯಿಂದ ಬೆಳೆಗೆ ಮೊಟ್ಟೆ ಉಳಿಸಿಕೊಂಡು ಮೂವತ್ತೈದು ವರ್ಷ ಕಾಪಾಡಿದ್ದಳು. ಉಳಿದ ಹುಳಗಳೂ ಸತ್ತರೆ ತಳಿಯೇ ಮುಗಿಯಿತು.

ಇಂಚರಾ ಒಡನಾಡಿಯನ್ನೇ ಕೇಳಿದಳು. “ಹುಳ ಮೇವು ಬಿಟ್ಟಾಗ ಹೊಂಬಾಳಮ್ಮನವರನ್ನು ಯಾಕೆ ಕೇಳಲಿಲ್ಲ?”

“ಅವರ ಪರಿಚಯ ಹೀಗಿದೆ,” ಎಂದಿತು ಯಂತ್ರ. “‘ಹೊಂಬಾಳಮ್ಮ. ಹೆಚ್ಚು ಓದಿಲ್ಲ. ನನಗೆ ಅಷ್ಟಾಗಿ ಏನೂ ತಿಳಿಯದು. ತಿಳಿದವರನ್ನು ಕೇಳುವುದು ಒಳ್ಳೆಯದು.’ ಆದ್ದರಿಂದ ಕೇಳಲಿಲ್ಲ.”

“ಇದನ್ನ ಬರೆದವರು ಯಾರು?”

“ನಾನೇಯ,” ಎಂದಳು ಹೊಂಬಾಳಮ್ಮ. “ಇನ್ನೇನು, ನಂಗೆಲ್ಲಾ ಗೊತ್ತು ಅಂತ ನಾನೇ ಬರ್ಕೊಳಕಾಯ್ತದಾ? ನೋಡ್ದೋರು ಏನಂದಾರು?”

ಇಂಚರಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಆ ಕಡೆಯ ಹೆಂಗಸರಿಗೆ ನಾಚಿಕೆಗೇಡು. ನೆರೆಹೊರೆಯವರಿಗೆ ಅದು ಗೊತ್ತಿರುವುದರಿಂದ ಎರಡನೆಯ ಸಲ ಕೇಳುತ್ತಾರೆ. ಪಾಪದ ಯಂತ್ರ ಬರೆದದ್ದನ್ನು ನಂಬಿತು. ಪರಿಚಯ ಬರೆಯುವುದು ಹೇಗೆಂದು ಅರವತ್ತು ಪುಟದ ಕೈಪಿಡಿ ಬರೆದಿದ್ದ ಇಂಚರಾ, ಮನುಷ್ಯರ ಪರಿಚಯವನ್ನು ಯಾರು ಬರೆಯಬೇಕೆಂದು ಒಂದು ಸಾಲೂ ಬರೆದಿರಲಿಲ್ಲ. ತಪ್ಪು ತನ್ನದೇ.

“ನಿಮ್ಮದನ್ನ ನೀವು ಬರೀಬೇಡಿ ಅಮ್ಮ. ಜೊತೆಗೆ ಕೆಲಸ ಮಾಡಿದವರು ಬರೀಲಿ,” ಎಂದು ಇಂಚರಾ ಹೊಂಬಾಳಮ್ಮನ ಗಂಡ ಸಿದ್ದರಾಜುವಿನ ಕೈಗೆ ಪೆನ್ನು ಕೊಟ್ಟಳು.

“ನಾನಾ? ಇವಳನ್ನ ಯಾವತ್ತೂ ಹೊಗಳ್ದೋನಲ್ಲ ಮೇಡಂ.”

“ಹೊಗಳೋದು ಬೇಡ. ಇದ್ದದ್ದು ಇದ್ದ ಹಾಗೆ ಬರೀರಿ, ಬೇಗ.”

ಸಿದ್ದರಾಜು ಜಗಲಿಯ ಮೇಲೆ ಕೂತು ತಲೆ ಕೆರೆದುಕೊಂಡ, ಎರಡು ಹಾಳೆ ಹರಿದ. ಕೊನೆಗೆ ಕೊಟ್ಟದ್ದು ಇಷ್ಟು: “ಸೊಪ್ಪು ಕೈಯಲ್ಲಿ ಹಿಡಿದರೆ ಯಾವ ತೋಟದ್ದೆಂದು ಹೇಳುತ್ತಾಳೆ. ಹುಳದ ಮನೆಯ ವಾಸನೆ ಬದಲಾದರೆ ಮೊದಲು ಇವಳನ್ನು ಕೇಳಬೇಕು. ಊಟಕ್ಕೆ ಕೂತಿದ್ದರೂ ಕೇಳಬಹುದು, ಎದ್ದು ಬರುತ್ತಾಳೆ. ಮೋಟರ್ ಕೆಟ್ಟರೆ ಕೇಳಬಾರದು. ಗೊತ್ತಿಲ್ಲ ಎಂದರೆ ಇನ್ನೊಂದು ಸಲ ಕೇಳಬೇಕು.”

ಹೊಂಬಾಳಮ್ಮ ಅದನ್ನು ಓದಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಇಷ್ಟೆಲ್ಲಾ ಗೊತ್ತಿದ್ದೂ ಬಾಯಿ ಬಿಟ್ಟು ಒಂದಿನ ಹೇಳ್ಲಿಲ್ವಲ್ಲ ಈ ಮಾರಾಯ,” ಎಂದಳು.

ಪರಿಚಯ ಸೇರಿಸಿದ ನಿಮಿಷದಲ್ಲೇ ಒಡನಾಡಿ ಮಾತಾಡಿತು. “ಹೊಂಬಾಳಮ್ಮನವರೇ, ಹುಳಗಳು ಯಾಕೆ ಮೇವು ಬಿಟ್ಟಿವೆ?”

“ನಂಗೇನ್ ಗೊತ್ತಪ್ಪ.”

“ಇನ್ನೊಂದು ಸಲ ಕೇಳುತ್ತಿದ್ದೇನೆ.”

ಅವಳು ತಟ್ಟೆಯಿಂದ ಒಂದೆಲೆ ಎತ್ತಿ ಹಿಸುಕಿದಳು. “ಕೆರೆ ಕೆಳಗಿನ ತೋಟದ್ ಸೊಪ್ಪು ಹಾಕಿದ್ದೀಯ, ಬರೀ ನೀರು. ದೊಡ್ಡ ಹುಳಕ್ಕೆ ಬಲಿತ ಸೊಪ್ಪಾಗಬೇಕು. ದಿಣ್ಣೆ ಹೊಲದ್ದು ತರ್ಸು. ಸೊರಗಿರೋವನ್ನ ಬೇರೆ ಮಾಡು. ಕಿಟಕಿ ತೆಗಿ ಮೊದ್ಲು, ಗಾಳಿ ಆಡ್ಲಿ.”

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮುಂದಿನ ವಾರ ನಲವತ್ತು ತಟ್ಟೆಗಳಲ್ಲಿ ಹನ್ನೊಂದು ತಟ್ಟೆಯ ಹುಳ ಗೂಡು ಕಟ್ಟಿದವು. ತಳಿ ಉಳಿಸುವ ಮೊಟ್ಟೆಗೆ ಅಷ್ಟು ಸಾಕಿತ್ತು.

ಇಂಚರಾ ಕೈಪಿಡಿಗೆ ಹೊಸ ನಿಯಮ ಸೇರಿಸಿದಳು: ಯಾರ ಪರಿಚಯವನ್ನೂ ಅವರೇ ಬರೆಯಕೂಡದು; ಹತ್ತಿರದವರು ಬರೆಯಬೇಕು. ನಿಯಮಕ್ಕೊಂದು ಉದಾಹರಣೆ ಬೇಕಲ್ಲ, ತನ್ನ ಅಮ್ಮನದನ್ನೇ ಬರೆಯೋಣವೆಂದು ತುಮಕೂರಿನ ಬಸ್ಸಿನಲ್ಲಿ ಹಾಳೆ ತೆಗೆದಳು. “ಅಡುಗೆ ಚೆನ್ನಾಗಿ ಮಾಡುತ್ತಾರೆ” ಎಂದು ಬರೆದಳು. ಏನನ್ನು ಕೇಳಬೇಕು? ಯಾವಾಗ ಕೇಳಬೇಕು? ಮೂವತ್ತೆಂಟು ವರ್ಷ ಅಮ್ಮನ ಜೊತೆ ಒಂದೇ ಮನೆಯಲ್ಲಿದ್ದವಳಿಗೆ ಎರಡನೆಯ ಸಾಲು ಹೊಳೆಯಲಿಲ್ಲ. ಕುಣಿಗಲ್ ದಾಟಿದರೂ ಹೊಳೆಯಲಿಲ್ಲ.

ಅವಳು ಹಾಳೆ ಮಡಿಸಿ ಫೋನ್ ಮಾಡಿದಳು.

“ಅಮ್ಮಾ, ಬಿಡುವಾಗಿದ್ದೀಯಾ? ಏನೂ ಕೆಲಸ ಇಲ್ಲಮ್ಮ, ಸುಮ್ಮನೆ. ನಿನ್ನ ವಿಷಯ ಹೇಳು.”